ಫೆರೆಟ್ ಬರುವ ಮುಂಚೆ ಒಮ್ಮೆ ನೆಲದ ಮೇಲೆ ಮಲಗಿ ನೋಡಿ

ಪ್ರಶ್ನೆ: ಇನ್ನೆರಡು ವಾರದಲ್ಲಿ ನಮ್ಮ ಮನೆಗೆ ಮೂರು ತಿಂಗಳ ಎರಡು ಫೆರೆಟ್ ಮರಿಗಳು ಬರುತ್ತಿವೆ. ಪಂಜರದಲ್ಲಿ ಕೂಡಿಹಾಕಲು ಮನಸ್ಸಿಲ್ಲ. ಮನೆಯಿಡೀ ಓಡಾಡಿಕೊಂಡಿರಲಿ ಅಂತ ಆಸೆ. ಹಾಲ್‌ನಲ್ಲಿ ರಿಕ್ಲೈನರ್ ಸೋಫಾ ಇದೆ. ಅಡುಗೆಮನೆ, ವಾಷಿಂಗ್ ಮೆಷಿನ್ ಇರುವ ಜಾಗ ಎಲ್ಲ ಹಾಲ್‌ಗೇ ತೆರೆದುಕೊಂಡಿವೆ. ಸಂದುಗಳನ್ನೆಲ್ಲ ಸ್ಪ್ರೇ ಫೋಮ್ ಹೊಡೆದು ಮುಚ್ಚಬೇಕು ಅಂದುಕೊಂಡಿದ್ದೇನೆ. ಆರು ವರ್ಷದ ಮಗಳಿದ್ದಾಳೆ. ಅವುಗಳನ್ನು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಳ್ಳುತ್ತೇನೆ ಅಂತ ಈಗಲೇ ಹಟ. ಎಲ್ಲಿಂದ ಶುರು ಮಾಡಲಿ?

ಉತ್ತರ: ಫೋಮ್ ಡಬ್ಬಿಯನ್ನು ವಾಪಸ್ ಕೊಟ್ಟು ಶುರು ಮಾಡಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸಿದ್ದು ಅದೇ. ಫೆರೆಟ್ ಪಾಲಿಗೆ ಫೋಮ್ ಗೋಡೆಯಲ್ಲ, ತಿಂಡಿ. ಮೆತ್ತಗಿರುತ್ತದೆ, ಉಗುರಿಗೆ ಸಿಗುತ್ತದೆ, ಕಚ್ಚಿದರೆ ಹಲ್ಲಿಗೆ ಹಿತವಾಗಿರುತ್ತದೆ. ಕೆರೆದು ಕೆರೆದು ನುಂಗಿದ ಚೂರು ಹೊಟ್ಟೆಯಲ್ಲಿ ಕರಗುವುದಿಲ್ಲ, ಕರುಳಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಸಂದು ಮುಚ್ಚಲು ಮರದ ಪಟ್ಟಿ, ಪ್ಲೈವುಡ್, ತಗಡು ಅಥವಾ ಸಣ್ಣ ಕಣ್ಣಿನ ಗಟ್ಟಿ ತಂತಿಜಾಲರಿ ಬಳಸಿ. ಸ್ಕ್ರೂ ಹಾಕಿ ಬಿಗಿಯಿರಿ. ರಟ್ಟು, ಸ್ಪಂಜು, ಹಳೇ ಬಟ್ಟೆ ತುರುಕುವುದು, ಟೇಪ್ ಅಂಟಿಸುವುದು ಇವೆಲ್ಲ ಅವಕ್ಕೆ ಒಂದು ರಾತ್ರಿಯ ಆಟ.

ಫೆರೆಟ್ ನೋಡಲು ಮುಂಗುಸಿಯ ತಮ್ಮನ ಹಾಗೆ ಕಾಣುತ್ತದೆ. ಆದರೆ ನೆಂಟಸ್ತಿಕೆ ನೀರುನಾಯಿಯ ಕಡೆಗೆ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿ ಬಂದ ತಳಿ ಇದು. ಎರಡು ಸಾವಿರ ವರ್ಷದಷ್ಟು ಹಿಂದೆಯೇ ಮನುಷ್ಯರು ಇದನ್ನು ಮೊಲದ ಬಿಲಕ್ಕೆ ಬಿಟ್ಟು, ಹೆದರಿ ಹೊರಬಂದ ಮೊಲವನ್ನು ಬಲೆಗೆ ಕೆಡವುತ್ತಿದ್ದರು. ಅಂದರೆ ಕತ್ತಲೆಯ ಸಂದು ಕಂಡರೆ ನುಗ್ಗುವುದು ಇದರ ತುಂಟತನ ಅಲ್ಲ, ವಂಶದ ಕಸುಬು. ಬೈದು ಬಿಡಿಸಲು ಆಗುವುದಿಲ್ಲ. ಫೆರೆಟ್ ಎಂಬ ಹೆಸರಿನ ಬೇರು ಲ್ಯಾಟಿನ್ನಿನಲ್ಲಿದೆ, ಅರ್ಥ 'ಪುಟ್ಟ ಕಳ್ಳ'. ಕಾಲುಚೀಲ, ಕೀಲಿಕೈ, ರಿಮೋಟ್ ಕಳೆಯಲು ಶುರುವಾದ ಮೇಲೆ ಆ ಹೆಸರು ಯಾಕೆ ಬಂತು ಅಂತ ನಿಮಗೇ ಗೊತ್ತಾಗುತ್ತದೆ.

ಇದರ ಭುಜ ಕಿರಿದು, ಬೆನ್ನು ಹಗ್ಗದಂತೆ ಬಳುಕುತ್ತದೆ. ತಲೆ ತೂರಿತು ಅಂದರೆ ಮೈ ತೂರಿದ ಹಾಗೇ ಲೆಕ್ಕ. ಒಂದು ಇಂಚು, ಅಂದರೆ 2.5 ಸೆಂ.ಮೀ. ಸಂದು ಸಿಕ್ಕರೆ ಎಷ್ಟೋ ಫೆರೆಟ್‌ಗಳು ಆಚೆ ಹೋಗಿಬಿಡುತ್ತವೆ. ನಿಮ್ಮ ಮರಿಗಳಿಗೆ ಅಷ್ಟೂ ಬೇಕಿಲ್ಲ. ಅಳತೆ ಟೇಪ್ ಹಿಡಿದು ಓಡಾಡಬೇಡಿ, ನಿಮ್ಮ ಹೆಬ್ಬೆರಳೇ ಸಾಕು. ಹೆಬ್ಬೆರಳು ಸಲೀಸಾಗಿ ಹೋಗುವ ಸಂದು ಮುಚ್ಚಲೇಬೇಕಾದ ಸಂದು.

ಈಗ ಕೈಯಲ್ಲಿ ಒಂದು ಟಾರ್ಚ್ ಹಿಡಿದು ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಮಲಗಿ. ಕೆನ್ನೆ ನೆಲಕ್ಕೆ ತಾಗಲಿ. ನಿಂತು ನೋಡುವಾಗ ಇಲ್ಲದ ಮನೆಯೊಂದು ಅಲ್ಲಿ ಕಾಣಿಸುತ್ತದೆ. ಬಾಗಿಲ ಕೆಳಗಿನ ಬೆಳಕಿನ ಗೆರೆ. ಸಿಂಕ್ ಕೆಳಗೆ ಪೈಪ್ ಗೋಡೆಯೊಳಗೆ ಹೋಗುವಲ್ಲಿ ಯಾರೋ ಅರ್ಧಂಬರ್ಧ ಸಿಮೆಂಟ್ ಮೆತ್ತಿದ ತೂತು. ಕಪಾಟಿಗೂ ಗೋಡೆಗೂ ನಡುವಿನ ಕತ್ತಲು. ಹಾಸಿಗೆಯ ಪೆಟ್ಟಿಗೆಯ ಅಡಿಯಲ್ಲಿ ಜೋತುಬಿದ್ದ ಬಟ್ಟೆ. ಕಂಡಲ್ಲೆಲ್ಲ ಬಣ್ಣದ ಟೇಪಿನ ಒಂದು ಚೂರು ಅಂಟಿಸುತ್ತ ಹೋಗಿ. ಒಂದು ಕೋಣೆ ಮುಗಿಯುವಷ್ಟರಲ್ಲಿ ಇಪ್ಪತ್ತು ಚೂರು ಅಂಟಿಸಿರುತ್ತೀರಿ.

ಆ ಇಪ್ಪತ್ತನ್ನು ನೋಡಿದ ಮೇಲೆ ನನ್ನ ಮುಖ್ಯ ಮಾತನ್ನು ನೀವು ಒಪ್ಪುತ್ತೀರಿ ಅನಿಸುತ್ತದೆ. ಇಡೀ ಮನೆ ಬೇಡ. ಒಂದು ಕೋಣೆ ಆರಿಸಿಕೊಳ್ಳಿ. ಮನೆಯಿಡೀ ಅರ್ಧಂಬರ್ಧ ಭದ್ರ ಮಾಡುವುದಕ್ಕಿಂತ ಒಂದು ಕೋಣೆಯನ್ನು ಪೂರ್ತಿ ಮಾಡುವುದು ಮೇಲು. ಅದರಲ್ಲೂ ಅಡುಗೆಮನೆ ಇವುಗಳಿಗೆ ಎಂದೆಂದಿಗೂ ನಿಷಿದ್ಧ ಅಂತ ಇಟ್ಟುಕೊಳ್ಳಿ.

ಅಡುಗೆಮನೆಯ ಪಾಠ ನಾನು ಕಲಿತದ್ದು ಮಿಂಚಿಯಿಂದ. ನನ್ನ ಮೊದಲ ಫೆರೆಟ್ ಅವಳು, ಮುಕ್ಕಾಲು ಕಿಲೋ ತೂಕದ ಹೆಣ್ಣು. ಒಂದು ಸಂಜೆ ಕಾಣೆಯಾದಳು. ಮೂರು ಗಂಟೆ ಹುಡುಕಿದೆ. ಹೊರಗೆ ಹೋಗಿರಬೇಕು ಅಂದುಕೊಂಡು ಟಾರ್ಚ್ ಹಿಡಿದು ಬೀದಿಯನ್ನೂ ಸುತ್ತಿದೆ. ಸೋತು ಬಂದು ಚಹಾ ಮಾಡೋಣ ಅಂತ ಚಮಚದ ಡ್ರಾಯರ್ ಎಳೆದು, ಮತ್ತೆ ಒಳಗೆ ತಳ್ಳಿದರೆ ಕೊನೆಯ ಎರಡು ಬೆರಳಿನಷ್ಟು ಹೋಗಲಿಲ್ಲ. ಹಿಂದೆ ಏನೋ ಮೆತ್ತಗೆ ತಡೆಯುತ್ತಿತ್ತು. ಡ್ರಾಯರನ್ನು ಪೂರ್ತಿ ಹೊರತೆಗೆದು ನೋಡಿದೆ. ಹಿಂದಿನ ಮೂಲೆಯಲ್ಲಿ ನನ್ನದೇ ಎರಡು ಕಾಲುಚೀಲ, ಒಂದು ಸೌಟಿನ ಹಿಡಿ, ಅವುಗಳ ಮೇಲೆ ಸುರುಳಿ ಸುತ್ತಿಕೊಂಡ ಮಿಂಚಿ. ಎತ್ತಿಕೊಂಡರೂ ಎಚ್ಚರ ಇಲ್ಲ. ಫೆರೆಟ್‌ಗಳ ನಿದ್ದೆ ಅಷ್ಟು ಗಾಢ. ಸತ್ತೇಹೋಯಿತು ಅಂತ ಹೊಸಬರು ಅಳುತ್ತ ಫೋನ್ ಮಾಡುವುದೂ ಉಂಟು. ಅವಸರದಲ್ಲಿ ಆ ಡ್ರಾಯರನ್ನು ಇನ್ನೊಂದು ಸಲ ಜೋರಾಗಿ ತಳ್ಳಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಯೋಚನೆ ಬರುತ್ತದೆ.

ಅವಳು ಒಳಗೆ ಹೋಗಿದ್ದು ಕಪಾಟಿನ ಬುಡದಿಂದ. ಅಡುಗೆಮನೆಯ ಕೆಳಗಿನ ಕಪಾಟುಗಳ ಅಡಿಯಲ್ಲಿ, ನಿಮ್ಮ ಕಾಲ್ಬೆರಳು ಹೋಗುವ ಜಾಗದಲ್ಲಿ ಒಂದು ಹಲಗೆ ಇರುತ್ತದಲ್ಲ, ಅದರ ಮೇಲಂಚಿನಲ್ಲಿ ಬಹಳ ಕಡೆ ಸಂದು ಬಿಟ್ಟಿರುತ್ತಾರೆ. ಅಲ್ಲಿಂದ ಹೊಕ್ಕರೆ ಡ್ರಾಯರ್, ಫ್ರಿಜ್ಜಿನ ಬೆನ್ನು, ಒಲೆಯ ಹಿಂಬದಿ ಎಲ್ಲಕ್ಕೂ ದಾರಿ. ಫ್ರಿಜ್ಜಿನ ಹಿಂದೆ ತಿರುಗುವ ಫ್ಯಾನ್ ಇರಬಹುದು, ವೈರ್ ಇರುತ್ತದೆ, ಕೆರೆಯಲು ಮೆತ್ತನೆ ಪದರ ಇರುತ್ತದೆ.

ನಿಮ್ಮ ಅಡುಗೆಮನೆಗೆ ಬಾಗಿಲಿಲ್ಲ ಅಂದರೆ ತಡೆ ಕಟ್ಟಬೇಕು. ಮಕ್ಕಳಿಗೆ ಹಾಕುವ ಸರಳಿನ ಗೇಟ್ ಇಲ್ಲಿ ಉಪಯೋಗವಿಲ್ಲ. ಸರಳಿನ ನಡುವೆ ತೂರುತ್ತವೆ, ಇಲ್ಲವೇ ಸರಳು ಹಿಡಿದು ಹತ್ತುತ್ತವೆ. ನುಣುಪಾದ ಹಲಗೆಯೋ ಅಕ್ರಿಲಿಕ್ ಹಾಳೆಯೋ ಬೇಕು. ಮುಕ್ಕಾಲು ಮೀಟರ್ ಎತ್ತರ, ಕೆಳಗೂ ಪಕ್ಕದಲ್ಲೂ ಸಂದು ಇಲ್ಲದ ಹಾಗೆ. ಅದರ ಪಕ್ಕ ಸ್ಟೂಲು, ಚೀಲ, ಬುಟ್ಟಿ ಏನೂ ಇರಬಾರದು. ಮೆಟ್ಟಿಲು ಮಾಡಿಕೊಳ್ಳಲು ಅವಕ್ಕೆ ಅಷ್ಟೇ ಸಾಕು.

ಇನ್ನು ರಿಕ್ಲೈನರ್. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಫೆರೆಟ್ ಓಡಾಡುವ ಕೋಣೆಯಲ್ಲಿ ರಿಕ್ಲೈನರ್ ಇರಲೇಬಾರದು. ಸಂದು ತಪ್ಪಿಸಿಕೊಳ್ಳುವ ದಾರಿ ಮಾತ್ರ, ಕೊಲ್ಲುವುದು ಚಲಿಸುವ ವಸ್ತು. ರಿಕ್ಲೈನರ್ ಒಳಗೆ ಕತ್ತರಿಯಂತೆ ಮಡಚುವ ಕಬ್ಬಿಣದ ತೋಳುಗಳಿವೆ. ಫೆರೆಟ್ ಕೆಳಗಿನಿಂದ ಹತ್ತಿ ಆ ತೋಳುಗಳ ಮೇಲೆಯೇ ಮಲಗುತ್ತದೆ. ಯಾರೋ ಬಂದು ಕೂತು ಕಾಲಿನ ಭಾಗವನ್ನು ಮಡಚುತ್ತಾರೆ, ಅಷ್ಟೇ. ವರ್ಷಗಟ್ಟಲೆ ಫೆರೆಟ್ ಸಾಕಿದವರನ್ನು ಕೇಳಿ ನೋಡಿ, ರಿಕ್ಲೈನರ್ ಬಗ್ಗೆ ಒಂದಾದರೂ ಕಥೆ ಇದ್ದೇ ಇರುತ್ತದೆ. 'ಕೂರುವ ಮುಂಚೆ ನೋಡಿಕೊಳ್ಳುತ್ತೇವೆ' ಅನ್ನುತ್ತೀರಿ. ನೀವು ನೋಡುತ್ತೀರಿ, ಮನೆಗೆ ಬಂದ ನೆಂಟರು ನೋಡುವುದಿಲ್ಲ. ತಳಕ್ಕೆ ಹಲಗೆ ಹೊಡೆದರೂ ಕಾಲಿನ ಭಾಗ ತೆರೆದಾಗ ದಾರಿ ತೆರೆದೇ ಇರುತ್ತದೆ. ಬಿಚ್ಚಿದರೆ ಹಾಸಿಗೆಯಾಗುವ ಸೋಫಾ, ತೂಗುವ ಕುರ್ಚಿ ಎರಡಕ್ಕೂ ಇದೇ ಮಾತು.

ಮಾಮೂಲಿ ಸೋಫಾ ಆದರೆ ತಲೆಕೆಳಗು ಮಾಡಿ ನೋಡಿ. ಅಡಿಯಲ್ಲಿ ತೆಳು ಕಪ್ಪು ಬಟ್ಟೆ ಇರುತ್ತದೆ. ಮೊದಲ ವಾರದಲ್ಲೇ ಅದನ್ನು ಹರಿದು ಸ್ಪ್ರಿಂಗ್‌ಗಳ ನಡುವೆ ಗೂಡು ಮಾಡುತ್ತವೆ. ಇಡೀ ತಳಕ್ಕೆ ಪ್ಲೈವುಡ್ ಹೊಡೆಸಿ. ಮೆತ್ತೆಗಳ ನಡುವಿನ ಸಂದಿಗೂ ಕೈ ಹಾಕಿ ನೋಡಿ, ಅಲ್ಲಿಂದಲೂ ಒಳಗೆ ದಾರಿ ಇರಬಹುದು.

ವಾಷಿಂಗ್ ಮೆಷಿನ್ ವಿಷಯದಲ್ಲಿ ಹಲಗೆಗಿಂತ ಅಭ್ಯಾಸ ಮುಖ್ಯ. ಕೊಳೆಬಟ್ಟೆಯ ರಾಶಿ ಇವುಗಳ ಪಾಲಿಗೆ ಸ್ವರ್ಗ. ರಾಶಿಯನ್ನು ಬಾಚಿ ಒಟ್ಟಿಗೆ ಮೆಷಿನ್ನಿಗೆ ಹಾಕಬೇಡಿ. ಒಂದೊಂದೇ ಬಟ್ಟೆ ಕೊಡವಿ ಹಾಕಿ. ಬಟನ್ ಒತ್ತುವ ಮುಂಚೆ ಡ್ರಮ್ಮಿನೊಳಗೆ ಕೈಯಾಡಿಸಿ, ಎರಡೂ ಫೆರೆಟ್ ಎಲ್ಲಿವೆ ಅಂತ ಕಣ್ಣಾರೆ ನೋಡಿ. ಎಣಿಸುವುದು ಅಂದರೆ ಹೀಗೇ. 'ಇಲ್ಲೇ ಎಲ್ಲೋ ಇರಬೇಕು' ಅನ್ನುವುದು ಲೆಕ್ಕಕ್ಕಿಲ್ಲ.

ಚಲಿಸುವ ವಸ್ತುಗಳಲ್ಲಿ ನಿಮ್ಮ ಕಾಲೂ ಒಂದು. ಇವು ಕಾಲೊರಸಿನ ಕೆಳಗೆ, ಬೀಳಿಸಿದ ಟವೆಲಿನೊಳಗೆ, ದಿಂಬಿನ ಅಡಿಯಲ್ಲಿ ಇರುತ್ತವೆ. ಖುಷಿ ಬಂದರೆ ಬೆನ್ನು ಬಾಗಿಸಿ, ಅಡ್ಡಡ್ಡ ಹಾರುತ್ತ, ಕೊಕ್ ಕೊಕ್ ಅಂತ ಸದ್ದು ಮಾಡುತ್ತ, ಹಿಂದೆ ನೋಡದೆ ಬಂದು ನಿಮ್ಮ ಕಾಲಿಗೇ ಗುದ್ದುತ್ತವೆ. ಅವು ಹೊರಗಿರುವಾಗ ಹೆಜ್ಜೆ ಎತ್ತಿ ಇಡಬೇಡಿ, ಪಾದ ಜಾರಿಸುತ್ತ ನಡೆಯಿರಿ. ಒಂದು ವಾರದಲ್ಲಿ ರೂಢಿಯಾಗುತ್ತದೆ. ಬಾಗಿಲು ಮುಚ್ಚುವಾಗ ಕೆಳಗೆ ನೋಡಿ, ಕೀಲಿನ ಕಡೆಗೂ ನೋಡಿ. ಕುತ್ತಿಗೆಗೆ ಗೆಜ್ಜೆ ಕಟ್ಟಬಹುದಾ ಅಂತ ಬಹಳ ಜನ ಕೇಳುತ್ತಾರೆ. ಕಣ್ಣೆದುರಿಗೆ ಆಡುವಾಗ ಪರವಾಗಿಲ್ಲ. ಆದರೆ ಪಟ್ಟಿ ಎಲ್ಲಿಗಾದರೂ ಸಿಕ್ಕಿ ಉಸಿರುಗಟ್ಟಬಹುದು, ಎಳೆದರೆ ಬಿಚ್ಚಿಕೊಳ್ಳುವಂಥದ್ದೇ ಇರಲಿ. ಪಂಜರಕ್ಕೆ ಹಾಕುವಾಗ ತೆಗೆದುಬಿಡಿ.

ಈಗ ರಬ್ಬರ್. ನನ್ನ ಪಶುವೈದ್ಯ ಕ್ಲಿನಿಕ್ಕಿನ ಮೇಜಿಗೆ ಬಂದ ಎಳೆಯ ಫೆರೆಟ್‌ಗಳನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇದು. ಯಾಕೋ ಏನೋ, ರಬ್ಬರ್, ಸಿಲಿಕಾನ್, ಫೋಮ್ ಅಂದರೆ ಇವಕ್ಕೆ ಜೀವ. ಮೊದಲ ಒಂದೆರಡು ವರ್ಷ ಇದರ ಹುಚ್ಚು ವಿಪರೀತ. ರಿಮೋಟಿನ ಬಟನ್, ಚಪ್ಪಲಿಯ ಅಟ್ಟೆ, ಬೂಟಿನ ಒಳಪದರ, ಯೋಗದ ಚಾಪೆ, ಬಲೂನು, ನಾಯಿಗೆ ಅಂತ ಮಾರುವ ರಬ್ಬರ್ ಆಟಿಕೆ. ನಿಮ್ಮ ಮನೆಯಲ್ಲಿ ಮಗಳ ಪೆನ್ಸಿಲ್ ಡಬ್ಬಿಯ ರಬ್ಬರನ್ನು ಮೊದಲ ಸಾಲಿಗೆ ಸೇರಿಸಿ.

ಒಬ್ಬರು ತಮ್ಮ ಆರು ತಿಂಗಳ ಗಂಡು ಫೆರೆಟನ್ನು ತಂದಿದ್ದರು. ಎರಡು ದಿನದಿಂದ ಊಟ ಇಲ್ಲ. 'ನಮ್ಮ ಮನೆಯಲ್ಲಿ ರಬ್ಬರ್ ವಸ್ತು ಒಂದೂ ಇಲ್ಲ ಡಾಕ್ಟ್ರೇ, ಎಲ್ಲ ತೆಗೆದುಬಿಟ್ಟಿದ್ದೇವೆ' ಅಂತ ಆಣೆ ಹಾಕಿದರು. ಆಪರೇಷನ್ ಮುಗಿಸಿ ತಟ್ಟೆಯಲ್ಲಿಟ್ಟು ತೋರಿಸಿದೆ. ಶೇಂಗಾ ಬೀಜಕ್ಕಿಂತ ಸಣ್ಣ, ಬೂದು ಬಣ್ಣದ ಒಂದು ಟೊಪ್ಪಿ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಜೇಬಿನಿಂದ ಇಯರ್‌ಫೋನ್ ತೆಗೆದರು. ಒಂದು ಬದಿಯಲ್ಲಿ ಟೊಪ್ಪಿ ಇರಲಿಲ್ಲ. ಆ ಫೆರೆಟ್ ಬದುಕಿತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು.

ಅದಕ್ಕೆ ಲಕ್ಷಣಗಳು ಗೊತ್ತಿರಬೇಕು. ಫೆರೆಟ್ ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬರುತ್ತದೆ, ಕರುಳು ಅಷ್ಟು ಗಿಡ್ಡ. ಹಾಗಾಗಿ ಅರ್ಧ ದಿನ ಊಟ ಬಿಟ್ಟರೂ ಅದು ದೊಡ್ಡ ಸಂಗತಿಯೇ. ವಾಂತಿ ಆಗಲೇಬೇಕು ಅಂತಿಲ್ಲ, ಎಷ್ಟೋ ಸಲ ಆಗುವುದೇ ಇಲ್ಲ. ಅದರ ಬದಲು ಹಲ್ಲು ಕಡಿಯುತ್ತದೆ, ಜೊಲ್ಲು ಸುರಿಸುತ್ತದೆ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ. ಮಲ ಪೆನ್ಸಿಲ್ ಕಡ್ಡಿಯಷ್ಟು ಸಪೂರ ಆಗಬಹುದು, ಡಾಂಬರಿನಂತೆ ಕಪ್ಪಗಾಗಬಹುದು, ನಿಂತೇ ಹೋಗಬಹುದು. ಮೈ ಸೋತು ಚಪ್ಪಟೆಯಾಗಿ ಮಲಗುತ್ತದೆ. ಇಂಥದ್ದು ಕಂಡರೆ ಎಣ್ಣೆ ಕುಡಿಸುತ್ತ ಬೆಳಗಾಗಲಿ ಅಂತ ಕಾಯಬೇಡಿ. ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ಎಕ್ಸ್‌ರೇಯಲ್ಲಿ ರಬ್ಬರ್ ಎಷ್ಟೋ ಸಲ ಕಾಣುವುದಿಲ್ಲ, ಹಾಗಾಗಿ ಏನು ಕಾಣೆಯಾಗಿದೆ ಅಂತ ಮನೆಯಲ್ಲಿ ಹುಡುಕಿ ಹೇಳಿದರೆ ಅವರಿಗೆ ದೊಡ್ಡ ಸಹಾಯ. ಇನ್ನೊಂದು ಮಾತು. ಎಲ್ಲ ಪಶುವೈದ್ಯರೂ ಫೆರೆಟ್ ನೋಡುವುದಿಲ್ಲ. ನೋಡುವವರು ಯಾರು ಅಂತ ಮರಿಗಳು ಬರುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ಡಿಸ್ಟೆಂಪರ್ (ನಾಯಿಗಳಿಗೂ ಬರುವ ವೈರಸ್ ಕಾಯಿಲೆ) ಮತ್ತು ರೇಬೀಸ್ ಲಸಿಕೆಯ ಬಗ್ಗೆಯೂ ಆಗಲೇ ಕೇಳಿ. ಡಿಸ್ಟೆಂಪರ್ ಬಂದರೆ ಫೆರೆಟ್ ಉಳಿಯುವುದಿಲ್ಲ ಅಂತಲೇ ಹೇಳಬೇಕು.

ವೈರ್‌ಗಳ ಬಗ್ಗೆ ಅಷ್ಟು ಗಾಬರಿ ಬೇಡ. ಇವು ಇಲಿಯ ಜಾತಿಯಲ್ಲ, ದೊಡ್ಡವು ಸಾಮಾನ್ಯವಾಗಿ ವೈರ್ ಕಡಿಯುವುದಿಲ್ಲ. ಮರಿಗಳು ಕಡಿಯಬಹುದು. ಗಟ್ಟಿ ಪೈಪಿನೊಳಗೆ ಹಾಯಿಸಿದರೆ ಆಯಿತು. ಗಿಡದ ಕುಂಡ ಇದ್ದರೆ ಆ ಕೋಣೆಯಿಂದ ತೆಗೆಯಿರಿ, ಮಣ್ಣು ಕೆರೆದು ಹಾಲ್ ತುಂಬ ಹರಡುವುದು ಇವುಗಳ ಪರಮ ಸಂತೋಷ. ಮಾತ್ರೆಗಳು ಮಾತ್ರ ಬೀಗದೊಳಗಿರಲಿ. ನಾವು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್ ಫೆರೆಟ್‌ಗೆ ವಿಷ, ಒಂದೇ ಮಾತ್ರೆ ಜೀವ ತೆಗೆಯಬಹುದು. ಪ್ಯಾರಾಸಿಟಮಾಲ್, ಚಾಕೊಲೇಟ್, ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿವಸ್ತು ಕೂಡ ಹಾಗೇ. ಇಲಿ ಪಾಷಾಣವನ್ನು ಮನೆಯ ಯಾವ ಮೂಲೆಯಲ್ಲೂ ಇಡಬೇಡಿ. ಅದನ್ನು ತಿಂದ ಇಲಿ ಫೆರೆಟ್ ಬಾಯಿಗೆ ಸಿಕ್ಕರೂ ಅಪಾಯ.

ಕಿಟಕಿ, ಬಾಲ್ಕನಿ. ಇವುಗಳ ದೂರದೃಷ್ಟಿ ಮಂದ, ಎತ್ತರದ ಅಂದಾಜು ಇಲ್ಲ. ಬೆಕ್ಕಿನಂತೆ ಅಂಚಿಗೆ ಬಂದು ಯೋಚಿಸುವುದಿಲ್ಲ, ನಡೆದುಕೊಂಡೇ ಹೋಗಿಬಿಡುತ್ತವೆ. ಬಾಲ್ಕನಿ ಬೇಡವೇ ಬೇಡ. ಸೊಳ್ಳೆ ಪರದೆ ತಡೆ ಅಲ್ಲ, ಉಗುರಿನಿಂದ ಹರಿಯುತ್ತವೆ. ಬಚ್ಚಲಲ್ಲಿ ತುಂಬಿದ ಬಕೆಟ್ ಇದ್ದರೆ ಮುಚ್ಚಿ, ಟಾಯ್ಲೆಟ್ಟಿನ ಮುಚ್ಚಳವನ್ನೂ ಹಾಕಿ.

ಸೆಕೆಯನ್ನು ಬಹಳ ಜನ ಅಪಾಯ ಅಂತಲೇ ಲೆಕ್ಕಿಸುವುದಿಲ್ಲ. ಫೆರೆಟ್ ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಕೋಣೆ 27 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒದ್ದಾಟ ಶುರು, 30 ದಾಟಿದರೆ ಪ್ರಾಣಾಪಾಯ. ನೀವು ಆರಿಸುವ ಒಂದು ಕೋಣೆ ಮನೆಯ ಅತಿ ತಂಪಾದ ಕೋಣೆ ಆಗಿರಲಿ, ಅಲ್ಲೊಂದು ಥರ್ಮಾಮೀಟರ್ ತೂಗಿಹಾಕಿ. ಬಾಯಿ ತೆರೆದು ಏದುಸಿರು ಬಿಡುತ್ತ ಸೋತು ಮಲಗಿದರೆ ಅದು ಶಾಖದ ಹೊಡೆತ. ಹೊಟ್ಟೆ, ಪಾದಗಳಿಗೆ ತಣ್ಣೀರು ಸವರಿ. ಐಸ್ ನೀರು ಬೇಡ. ಸವರುತ್ತಲೇ ವೈದ್ಯರ ಕಡೆ ಹೊರಡಿ.

ಪಂಜರದ ಮಾತಿಗೆ ಬರೋಣ. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಇವು ದಿನಕ್ಕೆ 14ರಿಂದ 18 ಗಂಟೆ ನಿದ್ದೆ ಮಾಡುವ ಪ್ರಾಣಿಗಳು. ಆ ನಿದ್ದೆ ಪಂಜರದೊಳಗೆ ತೂಗುಹಾಕಿದ ಬಟ್ಟೆಯ ಜೋಲಿಯಲ್ಲಿ, ಅಂದರೆ ಹ್ಯಾಮಕ್‌ನಲ್ಲಿ ಆಗಲಿ, ಸೋಫಾದ ಹೊಟ್ಟೆಯೊಳಗೆ ಬೇಡ, ಅಲ್ವಾ? ನೀವು ಮನೆಯಲ್ಲಿಲ್ಲದಾಗ, ಎಲ್ಲರೂ ಮಲಗಿದಾಗ ಪಂಜರ. ಎಚ್ಚರವಿರುವಾಗ ದಿನಕ್ಕೆ ಕಡಿಮೆ ಅಂದರೂ ನಾಲ್ಕು ಗಂಟೆ ಹೊರಗೆ, ನಿಮ್ಮ ಕಣ್ಣೆದುರು. ಮುಂಜಾವು, ಮುಸ್ಸಂಜೆಯಲ್ಲಿ ಇವುಗಳ ಚಟುವಟಿಕೆ ಜಾಸ್ತಿ, ಆ ಹೊತ್ತಿಗೆ ಬಿಡಿ. ಪಂಜರ ಎರಡು ಮೂರು ಅಂತಸ್ತಿನದಾಗಿರಲಿ. ಸರಳುಗಳ ನಡುವೆ ನಿಮ್ಮ ಹೆಬ್ಬೆರಳು ಸಲೀಸಾಗಿ ಹೋಗಬಾರದು. ತಳ ಬರೀ ತಂತಿಯದಾದರೆ ಪಾದ ಹುಣ್ಣಾಗುತ್ತದೆ, ಗಟ್ಟಿ ಹಾಸು ಬೇಕು. ಬಾಗಿಲಿಗೆ ಒಂದು ಕ್ಲಿಪ್ ಜಾಸ್ತಿಯೇ ಹಾಕಿ. ದೇವದಾರು, ಪೈನ್ ಮರದ ಹೊಟ್ಟು ಬೇಡ, ಅದರ ಘಾಟು ಉಸಿರಿಗೆ ಕೆಟ್ಟದ್ದು. ಇವು ಮೂಲೆಗೆ ಬೆನ್ನು ಹಾಕಿ ಹೇಲುವ ಪ್ರಾಣಿಗಳು. ಹಾಗಾಗಿ ಕೋಣೆಯ ಮೂಲೆಗಳಲ್ಲೂ ಟ್ರೇ ಇಡಿ. ಅದಕ್ಕೆ ಕಾಗದದ ಪೆಲೆಟ್ (ಒತ್ತಿ ಮಾಡಿದ ಸಣ್ಣ ತುಂಡು) ಹಾಕಿ, ಒದ್ದೆಯಾದರೆ ಗಟ್ಟಿಗಟ್ಟುವ ಬೆಕ್ಕಿನ ಮರಳು ಬೇಡ. ಆಟಕ್ಕೆ ಪೈಪ್ ಕೊಡುವುದಾದರೆ 10 ಸೆಂ.ಮೀ. ಅಗಲದ್ದು ಕೊಡಿ. ಸಣ್ಣ ಕೊಳವೆಯಲ್ಲಿ ತಲೆ ಸಿಕ್ಕಿಕೊಳ್ಳುತ್ತದೆ.

ಎಷ್ಟೇ ಹುಡುಕಿದರೂ ನಿಮ್ಮ ಕಣ್ಣು ತಪ್ಪಿದ ಒಂದು ಸಂದು ಉಳಿದೇ ಇರುತ್ತದೆ. ಅದನ್ನು ಮರಿಗಳೇ ಹುಡುಕಿಕೊಡುತ್ತವೆ. ಮೊದಲ ನಾಲ್ಕೈದು ದಿನ ನೆಲದ ಮೇಲೆ ಕೂತು ಸುಮ್ನೆ ನೋಡಿ. ಒಂದೇ ಮೂಲೆಗೆ ಮತ್ತೆ ಮತ್ತೆ ಹೋಗಿ ಮೂಸುತ್ತಿದ್ದರೆ, ಕೆರೆಯುತ್ತಿದ್ದರೆ ಅಲ್ಲಿ ಏನೋ ಇದೆ. ಜೊತೆಗೆ ಕೀಚ್ ಅನ್ನುವ ಆಟಿಕೆಯೊಂದನ್ನು ಒತ್ತಿ, ಬಂದ ಕೂಡಲೇ ಚೂರು ಮಾಂಸ ಕೊಡಿ. ದಿನಾ ಹೀಗೆ ಮಾಡಿದರೆ ಮುಂದೆ ಕಾಣೆಯಾದ ದಿನ ಆ ಸದ್ದಿಗೆ ತಾವೇ ಬರುತ್ತವೆ. ಮಿಂಚಿಗೆ ನಾನು ಇದನ್ನು ಕಲಿಸಿದ್ದು ಆ ಡ್ರಾಯರ್ ಸಂಜೆಯ ನಂತರ.

ಮಗಳ ವಿಷಯ. ಆಡಲಿ, ಆದರೆ ದೊಡ್ಡವರು ಪಕ್ಕದಲ್ಲಿರಲಿ. ಮರಿಗಳು ಆಟದಲ್ಲಿ ಕಚ್ಚುತ್ತವೆ, ಮಕ್ಕಳು ಬೆಚ್ಚಿ ಕೈಬಿಡುತ್ತಾರೆ. ನೆಲದ ಮೇಲೆ ಕೂತೇ ಎತ್ತಿಕೊಳ್ಳಬೇಕು ಅನ್ನುವ ನಿಯಮ ಮಾಡಿ. ಅವಳಿಗೆ ಫ್ಲೂ ಬಂದ ದಿನ ದೂರ ಇಡಿ, ನಮ್ಮ ಫ್ಲೂ ಇವಕ್ಕೂ ಅಂಟುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಮೊದಲ ಸಲ ಬೇರ್ಪಡಿಸಿದ್ದೇ ಫೆರೆಟ್‌ಗಳ ಸಹಾಯದಿಂದ. ಈ ಕಥೆ ಹೇಳಿದರೆ ಮಕ್ಕಳು ಮಾಸ್ಕ್ ಹಾಕಿಕೊಳ್ಳಲು ಒಪ್ಪುತ್ತಾರೆ, ನಾನು ನೋಡಿದ್ದೇನೆ.

ಹಾಸಿಗೆಗೆ ಮಾತ್ರ ಬೇಡ. ಹೊದಿಕೆಯೊಳಗೆ ನುಗ್ಗಿ ಸತ್ತಂತೆ ಮಲಗುವ ಪ್ರಾಣಿಯ ಮೇಲೆ ನಿದ್ದೆಯಲ್ಲಿ ಮಗು ಮಗ್ಗುಲಾದರೆ ಇಬ್ಬರಿಗೂ ಗೊತ್ತಾಗುವುದಿಲ್ಲ. ಇದನ್ನು ಅವಳಿಗೆ ಹಾಗೇ ಹೇಳಿ, ಆರು ವರ್ಷಕ್ಕೆ ಅರ್ಥವಾಗುತ್ತದೆ. ಅದರ ಬದಲು ಅವಳು ಎರಡು ದಿನ ಹಾಕಿಕೊಂಡ ಹಳೇ ಟೀ-ಶರ್ಟ್ ಒಂದನ್ನು ಒಗೆಯದೆ ಹ್ಯಾಮಕ್‌ನಲ್ಲಿ ಹಾಸಲಿ. ಮರಿಗಳಿಗೆ ಅವಳ ವಾಸನೆ ಪರಿಚಯವಾಗುತ್ತದೆ, ಅವಳಿಗೆ ತನ್ನ ಬಟ್ಟೆಯಲ್ಲೇ ಮಲಗಿವೆ ಅನ್ನುವ ಖುಷಿ. ಶರ್ಟಿನ ಮೇಲೆ ರಬ್ಬರ್ ಥರದ ಉಬ್ಬಿದ ಚಿತ್ರ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಇದ್ದರೆ ಬೇರೆ ಶರ್ಟ್ ಹುಡುಕಿ.